ಆಂಪಿನ ಬೆನ್ನ ಮೇಲಿನ ನಾಬ್

ಗುಂಯ್ ತೀರಿಕೊಂಡ ಮೇಲೆ ಅವನ ಬಗ್ಗೆ ಒಳ್ಳೆಯ ಮಾತಾಡುವವರಿಗೇನೂ ಬರವಿರಲಿಲ್ಲ. ಕೈ ಶುದ್ಧ, ಬಾಯಿ ಶುದ್ಧ, ಇಲ್ಲದ ರಿಪೇರಿಯನ್ನು ಇದೆ ಎಂದು ಹೇಳಿದವನಲ್ಲ ಎಂದರು. ಹೆಚ್ಚುಕಡಿಮೆ ಎಲ್ಲ ನಿಜ. ಆದರೆ ಬದುಕಿದ್ದಾಗ ಯಾರಾದರೂ ಇದನ್ನು ಎದುರಿಗೇ ಹೇಳಿದರೆ ಅವನು ಮುಖ ತಿರುಗಿಸಿ, ಮೇಜಿನ ಮೇಲೆ ಕಳೆದೇ ಹೋಗಿರದ ಯಾವುದೋ ಸ್ಕ್ರೂ ಹುಡುಕಲು ಶುರು ಮಾಡುತ್ತಿದ್ದ. ಸಂಕೋಚದ ಮನುಷ್ಯ ಎಂದುಕೊಳ್ಳುತ್ತಿದ್ದರು ಜನ. ಅದು ಸಂಕೋಚವಾಗಿರಲಿಲ್ಲ, ನಾಚಿಕೆ. ಅದು ಹುಟ್ಟಿದ ಜಾಗ ಕೂಡ ಅವನಿಗೆ ಗೊತ್ತಿತ್ತು: ಗಿಟಾರಿನ ಸದ್ದನ್ನು ದೊಡ್ಡದು ಮಾಡುವ ಒಂದು ಆಂಪಿನ ಬೆನ್ನ ಮೇಲೆ, ಕರೆಂಟಿನ ವೈರು ಒಳಹೋಗುವ ತೂತಿನ ಪಕ್ಕ. ಹೊಗಳಿಕೆ ಹೊದಿಸಿ ಅವನನ್ನು ಕಳಿಸಿಕೊಡುವುದು ಅವನಿಗೇ ಸರಿಬರುತ್ತಿರಲಿಲ್ಲ. ಅದಕ್ಕೇ ಇದನ್ನು ಬರೆದಿಡಬೇಕಾಗಿದೆ.

ಗುಂಯ್ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಊರಿನ ಗಿಟಾರಿನವರು ಇಟ್ಟದ್ದು. ಯಾರ ಮನೆಗೆ ಹೋದರೂ ಕೂರುವ ಮುಂಚೆ ಒಂದು ಗಳಿಗೆ ನಿಂತು, ತಲೆ ಓರೆ ಮಾಡಿ, "ಎಲ್ಲೋ ಗುಂಯ್ ಅಂತಿದೆಯಲ್ಲ" ಎನ್ನುತ್ತಿದ್ದ. ಫ್ರಿಜ್ಜೋ, ಟ್ಯೂಬ್‌ಲೈಟೋ, ಪಕ್ಕದ ಮನೆಯ ಮೋಟರೋ, ಏನೋ ಒಂದು ಇದ್ದೇ ಇರುತ್ತಿತ್ತು. ಅದು ಯಾವುದೆಂದು ಪತ್ತೆಯಾಗುವಷ್ಟರಲ್ಲಿ ಅವನಿಗೆ ಕೊಟ್ಟ ಚಹಾ ಆರಿಹೋಗಿರುತ್ತಿತ್ತು. ಕನ್ನಡಕದ ಅಂಗಡಿಗೂ ಬೀಗದ ಕೈ ಮಾಡುವವನಿಗೂ ನಡುವೆ, ಓಣಿಯಷ್ಟು ಅಗಲದ್ದು ಅವನ ರಿಪೇರಿ ಅಂಗಡಿ. ಗೋಡೆಯುದ್ದಕ್ಕೂ ಹೊಟ್ಟೆ ಬಿಚ್ಚಿಕೊಂಡ ಆಂಪುಗಳು, ಕಾಗದ ಹರಿದ ಸ್ಪೀಕರುಗಳು. ಗಾಳಿಯಲ್ಲಿ ಸದಾ ಬೆಸುಗೆಯ ಹೊಗೆ. ಹಾಡುವವರ ಮೈಕಿನಿಂದ ಹಿಡಿದು ಸಭಾಂಗಣದಲ್ಲಿ ಸದ್ದು ಹೊಂದಿಸುವ ಮಿಕ್ಸರಿನವರೆಗೆ ಏನು ತಂದರೂ ಮಾಡಿಕೊಡುತ್ತಿದ್ದ. ಮನಸ್ಸಿದ್ದದ್ದು ಮಾತ್ರ ಗಿಟಾರ್ ಆಂಪುಗಳ ಮೇಲೆ. ತಾನು ನುಡಿಸುತ್ತಿರಲಿಲ್ಲ. ಒಂದು ತಂತಿ ಮೀಟಿ, ಅದರ ಸದ್ದು ಸಾಯುವ ತನಕ ಕೇಳುತ್ತ ಕೂರುತ್ತಿದ್ದ, ಅಷ್ಟೇ.

ಎಡಚ ಅವನಲ್ಲಿಗೆ ಗಿರಾಕಿಯಾಗಿ ಬಂದು ಗೆಳೆಯನಾದವನು. ಎಡಗೈಯಲ್ಲಿ ಮೀಟುವವನಾದ್ದರಿಂದ ಆ ಹೆಸರು. ಹಗಲು ಬಸ್ ಡಿಪೋದಲ್ಲಿ ಟೈರಿನ ಉಗ್ರಾಣ ನೋಡಿಕೊಳ್ಳುತ್ತಿದ್ದ; ವಾರದ ಕೊನೆಯ ಸಂಜೆಗಳಲ್ಲಿ ಒಂದು ಹೋಟೆಲಿನ ಹಾಲ್‌ನಲ್ಲಿ ಬ್ಯಾಂಡಿನ ಮುಂದೆ ನಿಂತು ಮುಖ್ಯ ಗಿಟಾರ್ ನುಡಿಸುತ್ತಿದ್ದ. ಅವನಿಗೆ ಒಂದು ಸದ್ದು ಬೇಕಾಗಿತ್ತು. ಮೀಸೆ ಮೂಡುವ ಪ್ರಾಯದಲ್ಲಿ, ಯಾವುದೋ ಸಭಾಂಗಣದ ಮುಚ್ಚಿದ ಬಾಗಿಲಾಚೆ ಯಾರೋ ಅಭ್ಯಾಸ ಮಾಡುತ್ತಿದ್ದುದನ್ನು ಕೇಳಿದ್ದನಂತೆ. ಬಾಗಿಲು ತೆಗೆದು ನೋಡುವ ಧೈರ್ಯವಾಗಲಿಲ್ಲವಂತೆ. ಹೇಗಿತ್ತು ಅದು ಎಂದು ಕೇಳಿದರೆ ಬೆರಳುಗಳನ್ನು ಗಾಳಿಯಲ್ಲಿ ಉಜ್ಜುತ್ತಿದ್ದ.

"ಮೀಟಿದ ತಕ್ಷಣ ಬರುತ್ತಲ್ಲ, ಅದಲ್ಲ. ಅದರ ಹಿಂದೆ ಒಂದು ಉಸಿರು ಇರುತ್ತೆ ಕಣೋ. ಮನುಷ್ಯ ಮಾತು ಶುರು ಮಾಡೋ ಮುಂಚೆ ಉಸಿರು ಎಳ್ಕೋತಾನಲ್ಲ, ಹಾಗೆ."

"ಹಿಂದೆ ಅಂತೀಯ, ಮುಂಚೆ ಅಂತೀಯ. ಒಂದು ಕಡೆ ನಿಲ್ಲಪ್ಪ," ಎನ್ನುತ್ತಿದ್ದ ಗುಂಯ್.

ಆ ಉಸಿರನ್ನು ಹುಡುಕುತ್ತ ಇಬ್ಬರೂ ತಿಂಗಳುಗಟ್ಟಲೆ ಕೂತರು. ಆಂಪಿನ ಮುಂದೆ ನಾಲ್ಕು ನಾಬ್: ವಾಲ್ಯೂಮ್, ಬೇಸ್, ಮಿಡ್ಲ್, ಟ್ರೆಬಲ್. ಗಿಟಾರಿನವರು ಅವು ನಿಂತ ಜಾಗವನ್ನು ಗಡಿಯಾರದ ಮುಳ್ಳಿನ ಹಾಗೆ ಹೇಳುತ್ತಾರೆ. "ಬೇಸ್ ಹತ್ತಕ್ಕೆ, ಟ್ರೆಬಲ್ ಹನ್ನೆರಡಕ್ಕೆ, ಮಿಡ್ಲ್ ಎರಡಕ್ಕೆ" ಎಂದು ಎಡಚ ಫೋನಿನಲ್ಲಿ ಕೂಗುವುದನ್ನು ಕೇಳಿ ಗುಂಯ್‌ನ ಹೆಂಡತಿ, "ಮೂರು ಹೊತ್ತೂ ಇಲ್ಲೇ ಇರ್ತಾರಂತಾ?" ಎಂದಿದ್ದಳು. ಬೇಸ್ ಏರಿಸಿದರೆ ಸದ್ದು ನೆನೆದ ಹಾಸಿಗೆಯಂತೆ ಭಾರವಾಗುತ್ತಿತ್ತು. ಟ್ರೆಬಲ್ ಏರಿಸಿದರೆ ಹಲ್ಲು ಜುಂ ಎನ್ನುತ್ತಿತ್ತು. ಮಿಡ್ಲ್ ಇಳಿಸಿದರೆ ಕೋಣೆಯಲ್ಲಿ ಒಬ್ಬನೇ ಕೂತು ಕೇಳಲು ಬಲು ಚೆಂದ. ಡ್ರಮ್ಮು, ಕೀಬೋರ್ಡು ಜೊತೆ ಸೇರಿದ ಕೂಡಲೇ ಗಿಟಾರು ನಾಪತ್ತೆ. ಗಿಟಾರಿಗೂ ಆಂಪಿಗೂ ನಡುವೆ ಓವರ್‌ಡ್ರೈವ್ ಪೆಡಲ್ ಇಟ್ಟರು. ಕಾಲಿನಲ್ಲಿ ಒತ್ತುವ ಸಣ್ಣ ಪೆಟ್ಟಿಗೆ ಅದು, ಸದ್ದನ್ನು ಒರಟು ಮಾಡುತ್ತದೆ. ಅದರ ಗೇನ್, ಅಂದರೆ ಒರಟುತನದ ಅಳತೆ, ಹೆಚ್ಚಾದರೆ ಜೇನುಗೂಡಿಗೆ ಕಲ್ಲು ಹೊಡೆದ ಹಾಗೆ. ಕಡೆಗೊಂದು ಸಂಜೆ ಗೇನನ್ನು ಪೂರ್ತಿ ಇಳಿಸಿ, ಪೆಡಲಿನ ಲೆವೆಲ್ಲನ್ನು ಪೂರ್ತಿ ಏರಿಸಿ, ಗಿಟಾರಿನ ಮೈಮೇಲಿನ ವಾಲ್ಯೂಮನ್ನು ತುಸು ತಗ್ಗಿಸಿದಾಗ ಎಡಚನ ಹುಬ್ಬು ಮೇಲೇರಿತು. ಎಕೋ ಪೆಡಲನ್ನು ಇತ್ತೋ ಇಲ್ಲವೋ ಅನ್ನುವಷ್ಟು ಸೇರಿಸಿದರು. ಗುಂಯ್ ವಾಲ್ವು ಬದಲಿಸಿದ, ಕೆಪಾಸಿಟರ್ ಬದಲಿಸಿದ, ಸ್ಪೀಕರನ್ನೇ ಬದಲಿಸಿದ. ಪ್ರತಿ ಸಲವೂ ಎಡಚ ಕಣ್ಣು ಮುಚ್ಚಿ ನುಡಿಸಿ, ನಡುವೆ ನಿಲ್ಲಿಸಿ, ಒಂದೇ ಮಾತು ಹೇಳುತ್ತಿದ್ದ.

"ಹತ್ತಿರ ಬಂತು. ಆದ್ರೆ ಬರ್ಲಿಲ್ಲ."

ಬಂದಿತ್ತು. ಗುಂಯ್‌ಗೆ ಅದು ಗೊತ್ತಿತ್ತು. ಆ ಆಂಪು, ಆ ಪೆಡಲು, ಆ ಗಿಟಾರು ಕೊಡಬಹುದಾದದ್ದನ್ನೆಲ್ಲ ಕೊಟ್ಟಾಗಿತ್ತು. ಬರದೆ ಉಳಿದದ್ದು ಎಡಚನ ಕೈ. ತಪ್ಪು ಹುಡುಕುತ್ತ ನುಡಿಸುವವನ ಕೈ ಬಿಗಿದಿರುತ್ತದೆ. ಪ್ರತಿ ಸ್ವರವನ್ನೂ ಅರ್ಧಕ್ಕೇ ಬಿಟ್ಟು ಮುಂದಿನದಕ್ಕೆ ಹೋಗುತ್ತಿದ್ದ, ಹಣ್ಣುಗಳನ್ನು ಒತ್ತಿ ಒತ್ತಿ ನೋಡಿ ಒಂದನ್ನೂ ಕೊಳ್ಳದೆ ಹೋಗುವವರ ಹಾಗೆ. ಇದನ್ನು ಆಗಲೇ ಹೇಳಬೇಕಾಗಿತ್ತು. ಆದರೆ ಆಂಪು ಸರಿಯಾಗಿದೆ, ಸರಿಯಿಲ್ಲದವನು ನೀನು ಎಂದು ಗೆಳೆಯನಿಗೆ ಹೇಳಲು ಅವನಿಗೆ ಬಾಯಿ ಬರಲಿಲ್ಲ.

ಸಭಾಂಗಣಗಳಲ್ಲಿ ಮೈಕ್ ಸೆಟ್ ನೋಡಿಕೊಳ್ಳುವವರಲ್ಲಿ ಒಂದು ಹಳೆಯ ಉಪಾಯವಿದೆ. ಮಿಕ್ಸರಿನಲ್ಲಿ ಯಾವುದಕ್ಕೂ ಸೇರದ ಒಂದು ನಾಬನ್ನು ಬಿಟ್ಟುಕೊಂಡಿರುತ್ತಾರೆ. ಹಾಡುವವರು "ನನ್ನ ದನಿ ಇನ್ನೊಂಚೂರು ಮೇಲೆ" ಎಂದು ಪದೇ ಪದೇ ಸನ್ನೆ ಮಾಡಿದರೆ ಅದನ್ನು ಗಂಭೀರವಾಗಿ ತಿರುಗಿಸಿ, ಸಾಕಾ ಎನ್ನುವಂತೆ ನೋಡುತ್ತಾರೆ. ಸಾಕು ಎಂದು ಅವರು ತಲೆಯಾಡಿಸುತ್ತಾರೆ. ಹಾಡು ಚೆನ್ನಾಗಿಯೇ ಆಗುತ್ತದೆ. ಆಮೇಲೆ ಚಹಾ ಕುಡಿಯುವಾಗ ಇದನ್ನು ಹೇಳಿಕೊಂಡು ಹೊಟ್ಟೆ ಹುಣ್ಣಾಗುವಂತೆ ನಗುತ್ತಾರೆ. ಗುಂಯ್ ಕೂಡ ಅವರ ಜೊತೆ ನಕ್ಕವನೇ.

ಎಡಚ ಇನ್ನೊಮ್ಮೆ ಆಂಪು ಹೊತ್ತು ತಂದು ಬಿಟ್ಟುಹೋದಾಗ, ಗುಂಯ್ ಅದರ ಬೆನ್ನಿನ ತಗಡಿಗೆ ಒಂದು ತೂತು ಕೊರೆದು ಹೊಸ ಕಂಟ್ರೋಲ್ ಕೂರಿಸಿದ. ನಾಬಿನ ಕೆಳಗೆ ತಿರುಗುವ ಭಾಗಕ್ಕೆ ಅಂಗಡಿಯವರು ಕಂಟ್ರೋಲ್ ಎನ್ನುತ್ತಾರೆ. ಅದಕ್ಕೆ ಮೂರು ಕಾಲು, ಕಾಲುಗಳಿಗೆ ವೈರು ಬೆಸೆಯಬೇಕು. ಗುಂಯ್ ಒಂದಕ್ಕೂ ಬೆಸೆಯಲಿಲ್ಲ. ಮೇಲೊಂದು ಕರಿ ನಾಬ್ ಒತ್ತಿ, ತಗಡು ಮುಚ್ಚಿದ.

"ಇದೇನು ಹೊಸದು?" ಎಂದು ಕೇಳಿದ ಎಡಚ.

"ಟ್ರೆಬಲ್ಲೂ ಅಲ್ಲ, ಮಿಡ್ಲೂ ಅಲ್ಲ, ಎರಡರ ಮಧ್ಯೆ ಒಂದು. ನಿಧಾನಕ್ಕೆ ತಿರುಗ್ಸು, ಬಹಳ ಸೂಕ್ಷ್ಮ ಅದು."

ಒಂದು ವಾರ ಆಟವಾಡಿಸಿ ಆಮೇಲೆ ಹೇಳಿದರಾಯಿತು, ಇಬ್ಬರೂ ನಕ್ಕು ಮುಗಿಸಿದರಾಯಿತು ಎಂದುಕೊಂಡಿದ್ದ. ಎಡಚ ಆಂಪಿನ ಮೇಲೆ ಕೂತು, ಕೈ ಹಿಂದಕ್ಕೆ ಬಿಟ್ಟು, ಕೂದಲೆಳೆಯಷ್ಟು ತಿರುಗಿಸಿ ನುಡಿಸಿದ. ಇನ್ನಷ್ಟು ತಿರುಗಿಸಿದ. ಸ್ವಲ್ಪ ಹಿಂದಕ್ಕೆ ತಂದ. ಆಮೇಲೆ ಕೈಯನ್ನು ಅಲ್ಲಿಂದ ತೆಗೆದು ತಂತಿಗಳ ಮೇಲಿಟ್ಟವನು ಬಹಳ ಹೊತ್ತು ನಿಲ್ಲಿಸಲೇ ಇಲ್ಲ. ಕೈ ಬಿಚ್ಚಿಕೊಂಡಿತ್ತು. ಒಂದು ಸ್ವರ ಪೂರ್ತಿ ಮುಗಿಯುವ ತನಕ ಕಾದು ಇನ್ನೊಂದಕ್ಕೆ ಹೋಗುತ್ತಿದ್ದ. ಆ ಕಾಯುವಿಕೆಯಲ್ಲೇ ಇತ್ತು ಅವನು ಹುಡುಕುತ್ತಿದ್ದ ಉಸಿರು. ಬೀಗದ ಕೈಯವನು ಅರ ಕೆಳಗಿಟ್ಟು ಬಂದು ಬಾಗಿಲಲ್ಲಿ ನಿಂತ.

"ಬಂತು ಕಣೋ," ಎಂದ ಎಡಚ. "ಇಷ್ಟು ವರ್ಷ ಆ ಬಾಗಿಲ ಹೊರಗೇ ನಿಂತಿದ್ದೆ. ನೀನು ತೆಗೆದೆ."

ಅಂಥ ಮಾತು ಹೇಳಿದವನಿಗೆ ಏನೆಂದು ಹೇಳುವುದು? ಮುಂದಿನ ವಾರ ಹೇಳೋಣವೆಂದು ಗುಂಯ್ ಅಂದುಕೊಂಡ. ಮುಂದಿನ ವಾರ ಎಡಚ ನಾಬಿನ ಜಾಗ ತಪ್ಪಬಾರದೆಂದು ಬಿಳಿ ಬಣ್ಣದ ಚುಕ್ಕೆ ಇಟ್ಟುಕೊಂಡು ಬಂದ. ಅದಕ್ಕೆ 'ಉಸಿರು' ಎಂದು ಹೆಸರಿಟ್ಟಿದ್ದ. ಅದರ ಮುಂದಿನ ವಾರ ಹೋಟೆಲಿನ ಹಾಲ್‌ನಲ್ಲಿ ಮೈಕ್ ಹಿಡಿದು, "ಈ ಸೌಂಡ್ ನಂದಲ್ಲ, ಅಗೋ, ಆ ಕಂಬದ ಪಕ್ಕ ಕೂತಿರೋ ನನ್ನ ಗೆಳೆಯಂದು" ಎಂದ. ಜನ ತಿರುಗಿ ನೋಡಿ ಚಪ್ಪಾಳೆ ತಟ್ಟಿದರು. ಗುಂಯ್ ಎದ್ದು ನಿಂತ, ಕೂತ. ಕೂತ ಮೇಲೆ ಕಿವಿಯ ತುದಿಯಿಂದ ಕುತ್ತಿಗೆಯವರೆಗೆ ಬಿಸಿಯೇರಿದ್ದು ಮನೆಗೆ ಹೋಗುವ ತನಕ ಇಳಿಯಲಿಲ್ಲ.

ಬೇರೆ ಗಿಟಾರಿನವರು ಸಾಲು ಹಿಡಿದರು, ನಮಗೂ ಒಂದು ಉಸಿರು ಹಾಕಿಕೊಡಿ ಎಂದು. ಆ ಪಾರ್ಟು ಈಗ ಬರ್ತಿಲ್ಲ ಎಂದ ಗುಂಯ್. ಅದರಿಂದ ಆ ನಾಬಿನ ಬೆಲೆ ಇನ್ನೂ ಹೆಚ್ಚಿತು.

ಅವನ ಹೆಂಡತಿ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಇಲ್ಲದ್ದನ್ನು ಇದೆ ಎಂದು ಬರೆದುಕೊಡುವುದು ಎಂಥ ಪಾಪವೆಂದು ಬಲ್ಲವಳು. ವಿಷಯ ಕೇಳಿ ಮೊದಲು ಬಿದ್ದು ಬಿದ್ದು ನಕ್ಕಳು. ಮಾರನೆಯ ದಿನ ಅವನು ಚಹಾಗೆ ಸಕ್ಕರೆ ಕಡಿಮೆ ಎಂದಾಗ ಖಾಲಿ ಚಮಚ ಹಾಕಿ ಗರಗರ ತಿರುಗಿಸಿ, "ಈಗ ಕುಡೀರಿ" ಎಂದಳು. ಕೆಲವು ದಿನ ಕಳೆದ ಮೇಲೆ ಮಾತ್ರ ನಗದೆ ಹೇಳಿದಳು.

"ರೀ, ಹೇಳ್ಬಿಡಿ. ಹಳೇದಾದಷ್ಟೂ ಕಷ್ಟ."

"ಅವನು ಚೆನ್ನಾಗಿ ನುಡಿಸ್ತಿದಾನೆ ಕಣೇ. ಯಾರಿಗೇನು ತೊಂದರೆ?"

ಇದನ್ನೇ ಅವನು ತನಗೂ ಹೇಳಿಕೊಳ್ಳುತ್ತಿದ್ದ. ಔಷಧಿಯಲ್ಲದ ಗುಳಿಗೆಯಿಂದಲೂ ಜ್ವರ ಇಳಿಯುವುದುಂಟಲ್ಲ. ಹೀಗೆ ವರ್ಷಗಳು ಹೋದವು. ಎಡಚ ಊರಿನ ದೊಡ್ಡ ಗಿಟಾರಿನವನೆನಿಸಿಕೊಂಡ. ಮೆಚ್ಚುಗೆ ಬಂದಾಗಲೆಲ್ಲ ಅರ್ಧವನ್ನು ಗೆಳೆಯನ ಪಾಲಿಗೆ ಕಳಿಸುತ್ತಿದ್ದ, ಗುಂಯ್ ಸ್ಕ್ರೂ ಹುಡುಕುತ್ತಿದ್ದ.

ತೊಂದರೆ ಯಾರಿಗೆ ಎನ್ನುವುದು ಗೊತ್ತಾದದ್ದು ಎಡಚನ ಬೆರಳಿನ ಗೆಣ್ಣುಗಳು ಬಾತುಕೊಂಡ ಮೇಲೆ. ಬೆಳಿಗ್ಗೆ ಹಲ್ಲುಜ್ಜುವ ಬ್ರಷ್ ಹಿಡಿಯಲೂ ಆಗದಂತಾಯಿತು. ಬ್ಯಾಂಡಿನಲ್ಲಿ ಅವನ ಹಿಂದೆ ಎರಡನೇ ಗಿಟಾರ್ ನುಡಿಸುತ್ತಿದ್ದವಳು ಅವನ ಅಣ್ಣನ ಮಗಳು. ಹಲ್ಲಿನ ಆಸ್ಪತ್ರೆಯಲ್ಲಿ ಸಹಾಯಕಿ. ಚಿಕ್ಕವಳಿದ್ದಾಗಿನಿಂದ ಚಿಕ್ಕಪ್ಪನ ಬಳಿಯೇ ಕಲಿತವಳು, ಗುಂಯ್‌ನನ್ನು ಮಾಮ ಎಂದೇ ಕರೆಯುತ್ತ ಬೆಳೆದವಳು. ಮುಂದೆ ನಿಲ್ಲುವ ಅವನ ಜಾಗ ಅವಳಿಗೇ ಸಿಗಬೇಕೆಂದು ಬ್ಯಾಂಡಿನವರೆಲ್ಲ ಒಪ್ಪಿದ್ದರು. ಎಡಚ ಮಾತ್ರ ತಡೆಹಿಡಿದಿದ್ದ.

"ಬೆರಳು ಇದೆ. ತಾಳ ಇದೆ. ಕಿವಿ ಇಲ್ಲ," ಎಂದು ಅವಳನ್ನು ಆಂಪಿನ ಸಮೇತ ಅಂಗಡಿಗೆ ಕರೆತಂದ. "ಉಸಿರು ತಿರುಗಿಸಿದ್ರೆ ಇವಳಿಗೆ ಗೊತ್ತೇ ಆಗಲ್ಲ ಕಣೋ. ಅದೇ ಕೇಳ್ದೆ ಇರೋವ್ಳಿಗೆ ಆ ಜಾಗ ಹೇಗೆ ಬಿಟ್ಕೊಡ್ಲಿ? ಬೇರೆ ಊರಿಂದ ಯಾರನ್ನಾದ್ರೂ ಕರೆಸ್ತೀನಿ ಅಂದಿದೀನಿ. ಕೊನೇದಾಗಿ ನಿನ್ನ ಮುಂದೆ ಒಂದ್ಸಲ ನೋಡೋಣ."

ಅವಳು ಸ್ಟೂಲಿನ ಮೇಲೆ ಮೊಣಕಾಲು ಜೋಡಿಸಿ ಕೂತಿದ್ದಳು. ಎಡಚ ನೋಯುವ ಬೆರಳಿನಲ್ಲಿ ಒಂದು ತಂತಿ ಮೀಟಿದ, ಕೈ ಹಿಂದಕ್ಕೆ ಬಿಟ್ಟು ನಾಬ್ ತಿರುಗಿಸಿದ, ಮತ್ತೆ ಮೀಟಿದ.

"ಹೇಳು ಪುಟ್ಟಿ."

"ಗೊತ್ತಾಗ್ತಿಲ್ಲ ಚಿಕ್ಕಪ್ಪ."

"ಪೂರ್ತಿ ತಿರುಗಿಸ್ದೆ. ಕಿವುಡರಿಗೂ ಕೇಳ್ಬೇಕು."

"ನಿಜವಾಗ್ಲೂ ಒಂದೇ ಥರ ಕೇಳ್ತಿದೆ."

"ಗುಂಯ್, ನೀನು ಹೇಳು. ಬದಲಾಯ್ತೋ ಇಲ್ವೋ?"

ಅದೊಂದು ಗಳಿಗೆ. ಇಬ್ಬರೂ ಅವನನ್ನೇ ನೋಡುತ್ತಿದ್ದರು. ಇಲ್ಲ ಎನ್ನಲು ಎಷ್ಟು ಹೊತ್ತು ಬೇಕು? ಆದರೆ ಆ 'ಇಲ್ಲ'ದ ಬೆನ್ನಿಗೆ ಇಷ್ಟು ವರ್ಷದ ಚಪ್ಪಾಳೆಯೆಲ್ಲ ಅಂಟಿಕೊಂಡಿತ್ತು.

"ಸ್ವಲ್ಪ," ಎಂದ ಗುಂಯ್. "ಸೂಕ್ಷ್ಮವಾಗಿ... ಹೌದು."

ಹುಡುಗಿ ನೆಲ ನೋಡಿದಳು. ಒಂದು ಕೈ ತಾನಾಗಿಯೇ ಹೋಗಿ ಕಿವಿಯನ್ನು ಮುಟ್ಟಿ ಬಂತು. ಏನಾದರೂ ಎದುರಾಡಿದ್ದರೆ ಗುಂಯ್‌ಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಅವಳು ಅವನನ್ನು ನಂಬಿದಳು.

ಕೆಲವು ದಿನಗಳ ನಂತರ ಮಧ್ಯಾಹ್ನದ ಬಿಡುವಿನಲ್ಲಿ, ಆಸ್ಪತ್ರೆಯ ತಿಳಿಹಸಿರು ಅಂಗಿಯಲ್ಲೇ ಒಬ್ಬಳೇ ಬಂದಳು. ಕಿವಿಯ ಡಾಕ್ಟರಿಗೆ ತೋರಿಸಿ ಬಂದಿದ್ದಳಂತೆ. ಯಂತ್ರ ಹಾಕಿ ನೋಡಿ, ನಿನ್ನ ಕಿವಿ ನನ್ನ ಕಿವಿಗಿಂತ ಚೆನ್ನಾಗಿದೆ ಎಂದು ಕಳಿಸಿದರಂತೆ.

"ಹಾಗಾದ್ರೆ ಕಿವಿಯಲ್ಲ ಮಾಮ, ತಲೇಲೇ ಏನೋ ಕಡಿಮೆ ಇದೆ ನಂಗೆ," ಎಂದು ನಗಲು ನೋಡಿದಳು. "ಆವತ್ತು ಸೂಕ್ಷ್ಮ ಅಂದ್ರಲ್ಲ. ಎಲ್ಲಿ ಕೇಳ್ಬೇಕು ಅದನ್ನ? ಸ್ವರ ಶುರುವಾಗೋವಾಗ್ಲಾ, ಮುಗಿಯೋವಾಗ್ಲಾ? ಅದೊಂದು ಹೇಳ್ಕೊಡಿ, ಸಾಕು."

ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಬೇಡ. ಗುಂಯ್ ಬೆಸುಗೆ ಕಡ್ಡಿಯನ್ನು ಸ್ಪಂಜಿಗೆ ಒರೆಸಿದ, ಅದು ಶುದ್ಧವಾಗಿದ್ದರೂ ಮತ್ತೆ ಒರೆಸಿದ.

"ಅಭ್ಯಾಸದಿಂದ ಬರುತ್ತಮ್ಮ," ಎಂದ.

ಅವಳು ಸರಿ ಮಾಮ ಎಂದು ಹೋದಳು. ಅವನು ಆ ಮಧ್ಯಾಹ್ನ ತಂದಿದ್ದ ಊಟದ ಡಬ್ಬಿಯನ್ನು ತೆರೆಯದೆ ಮನೆಗೆ ವಾಪಸು ಒಯ್ದ.

ಮುಂದಿನ ವಾರ ಎಡಚನೇ ಅಂಗಡಿಗೆ ಬಂದ, ಮುಖ ಇಷ್ಟಗಲ. "ಕೇಳಿಸ್ತು ಕಣೋ ಅವ್ಳಿಗೆ! ನಿನ್ನೆ ಮೂರ್ನಾಲ್ಕು ಸಲ ನೋಡ್ದೆ, ಒಂದೂ ತಪ್ಪಲಿಲ್ಲ. ಬಾ ಸಂಜೆ, ನೀನೂ ನೋಡು."

ಬ್ಯಾಂಡಿನವರು ಅಭ್ಯಾಸ ಮಾಡುತ್ತಿದ್ದ ಕೋಣೆ ಒಂದು ಪೀಠೋಪಕರಣದ ಗೋದಾಮಿನ ಮೇಲಿತ್ತು. ಸದ್ದು ಹೊರಹೋಗದಂತೆ ಗೋಡೆಗೆ ಹಳೆಯ ಹಾಸಿಗೆಗಳನ್ನು ನಿಲ್ಲಿಸಿದ್ದರು. ಎಡಚ ಆಂಪಿನ ಮೇಲೆ ಕೂತ. ಎದುರಿಗೆ ಅವಳು. ಅವನು ಮೀಟಿದ, ಕೈ ಹಿಂದಕ್ಕೆ ಬಿಟ್ಟ, ಮೀಟಿದ.

"ಈಗ ಹೆಚ್ಚಾಯ್ತು," ಎಂದಳು.

ಮತ್ತೆ ಮೀಟಿದ.

"ಈಗ ಏನೂ ತಿರುಗಿಸ್ಲಿಲ್ಲ ನೀವು."

"ನೋಡ್ದಾ, ನೋಡ್ದಾ," ಎಂದ ಎಡಚ, ಮಗು ಮೊದಲ ಹೆಜ್ಜೆ ಇಟ್ಟಾಗ ತಂದೆ ನೋಡುವ ಹಾಗೆ ಗೆಳೆಯನತ್ತ ನೋಡುತ್ತ.

ಗುಂಯ್ ನೋಡುತ್ತಿದ್ದದ್ದು ಹುಡುಗಿಯ ಕಣ್ಣುಗಳನ್ನು. ಅವು ಚಿಕ್ಕಪ್ಪನ ಎಡ ಭುಜದ ಮೇಲಿದ್ದವು. ನಾಬ್ ತಿರುಗಿಸುವಾಗ ಆ ಭುಜ ಒಂದಿಷ್ಟು ಕುಸಿಯುತ್ತಿತ್ತು. ಅವಳು ಕೇಳುತ್ತಿರಲಿಲ್ಲ, ಭುಜವನ್ನು ಓದುತ್ತಿದ್ದಳು. ಆಮೇಲೆ ಅವಳ ದೃಷ್ಟಿ ಸರಿದು ಗುಂಯ್‌ನ ಮೇಲೆ ಬಂತು, ಮುಖ ಪೂರ್ತಿ ಬಿಳಿಚಿಕೊಂಡಿತು. ಆ ನೋಟದ ಅರ್ಥ ಅವನಿಗೆ ತಕ್ಷಣ ಆಯಿತು. ಎಲ್ಲವನ್ನೂ ಕೇಳಬಲ್ಲ ಮಾಮನಿಗೆ ತನ್ನ ಸುಳ್ಳು ಗೊತ್ತಾಗಿಹೋಯಿತು ಎಂದು ಅವಳು ಹೆದರಿದ್ದಳು. ದಯವಿಟ್ಟು ಹೇಳಬೇಡಿ ಎಂದು ಬೇಡುತ್ತಿದ್ದಳು, ಯಾರಲ್ಲಿ? ಇವನಲ್ಲಿ.

ಗುಂಯ್ ಮೆಟ್ಟಿಲಿಳಿದು ಗೋದಾಮಿನ ಮುಂದೆ, ಪ್ಲಾಸ್ಟಿಕ್ ಸುತ್ತಿದ ಕುರ್ಚಿಗಳ ಪಕ್ಕ ನಿಂತ. ಮನೆಗೆ ಹೋಗಿ ಹೆಂಡತಿಗೆ ಹೇಳಿದ.

"ಇಷ್ಟು ದಿನ ಸುಳ್ಳು ನಿಮ್ಮೊಬ್ಬರದ್ದಾಗಿತ್ತು," ಎಂದಳು. "ಈಗ ಆ ಹುಡುಗಿ ಕೈಲೂ ಹೇಳಿಸಿದ್ರಿ. ಅದೂ ನಾಚ್ಕೊಂಡು ಹೇಳೋ ಹಾಗೆ ಮಾಡಿದ್ರಿ."

ಮಾರನೆಯ ಬೆಳಿಗ್ಗೆ ಸ್ಕ್ರೂಡ್ರೈವರ್ ಜೇಬಿಗಿಟ್ಟುಕೊಂಡು ಎಡಚನ ಮನೆಗೆ ಹೋದ. ಎಡಚ ಬಿಸಿನೀರಿನ ಬೋಗುಣಿಯಲ್ಲಿ ಬೆರಳು ಇಳಿಬಿಟ್ಟುಕೊಂಡು ಕೂತಿದ್ದ.

"ಏನಯ್ಯ, ಬೆಳಿಗ್ಗೆ ಬೆಳಿಗ್ಗೆ. ಎಲ್ಲಿ ಗುಂಯ್ ಅಂತಿದೆ ಇವತ್ತು?"

ಗುಂಯ್ ಕೂರಲಿಲ್ಲ. ನಿಂತೇ ಹೇಳಿದ. ಹೇಳುವಾಗ ಮಾತು ಜೋಡಿಸಲೂ ಹೋಗಲಿಲ್ಲ. ಆ ನಾಬು ಯಾವುದಕ್ಕೂ ಸೇರಿಲ್ಲ, ಎಂದೂ ಸೇರಿರಲಿಲ್ಲ, ಅವಳ ಕಿವಿಯಲ್ಲಿ ದೋಷವಿಲ್ಲ ಎಂದ.

ಎಡಚ ನಕ್ಕ. "ಹೋಗೋ, ಹೋಗೋ. ದಿನಾ ಕೇಳ್ತಿದೀನಿ ನಾನು."

ಗುಂಯ್ ಆಂಪಿನ ಬೆನ್ನಿನ ತಗಡು ಬಿಚ್ಚಿ, ಟಾರ್ಚ್ ಹಿಡಿದ. ಕಂಟ್ರೋಲಿನ ಮೂರು ಕಾಲುಗಳು ಅಂಗಡಿಯಿಂದ ಬಂದ ಹೊಸ ಹೊಳಪಿನಲ್ಲೇ ಇದ್ದವು. ಎಡಚ ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಬಂದು ಬಗ್ಗಿ ನೋಡಿದ. ಆಮೇಲೆ ಗಿಟಾರ್ ಎತ್ತಿಕೊಂಡು, ತಗಡು ತೆರೆದಿದ್ದಂತೆಯೇ ಆಂಪು ಹಾಕಿ, ಒಂದು ಸ್ವರ ಮೀಟಿ, ನಾಬ್ ತಿರುಗಿಸಿದ.

"ಕೇಳ್ತಿದೆ," ಎಂದ ಮೆಲ್ಲಗೆ. "ಈಗ್ಲೂ ಕೇಳ್ತಿದೆ ಕಣೋ."

ಗುಂಯ್ ಆಂಪು ಆರಿಸಿ ಕಂಟ್ರೋಲನ್ನು ಬಿಚ್ಚಿ ಗೆಳೆಯನ ಅಂಗೈಯಲ್ಲಿಟ್ಟ. ಬಿಳಿ ಚುಕ್ಕೆಯ ಕರಿ ನಾಬು ಊದಿದ ಬೆರಳುಗಳ ನಡುವೆ ಕೂತಿತು. ಮತ್ತೆ ಆಂಪು ಹಾಕಿದಾಗ ಎಡಚ ಅದನ್ನು ಕೆಳಗಿಡದೆ, ಇನ್ನೊಂದು ಕೈಯಲ್ಲಿ ಬರೀ ತಂತಿಗಳನ್ನು ಸವರಿದ. ಅದೇ ಸದ್ದು ಬಂತು. ಅವನಿಗೆ ಈಗ ಅದು ಅದೇ ಎಂದು ಕೇಳಿಸಿತು.

"ಅವಳೂ ಕೇಳಿಸ್ತು ಅಂದ್ಲಲ್ಲ."

"ನಾವಿಬ್ರೂ ಕೇಳುತ್ತೆ ಅಂದ್ವಲ್ಲ. ಇನ್ನೇನು ಮಾಡ್ತಾಳೆ?"

ಎಡಚ ನಾಬಿನ ಬಿಳಿ ಚುಕ್ಕೆಯನ್ನು ಉಗುರಿನಿಂದ ಕೆರೆದ. "ಕಿವಿ ಇಲ್ಲ ಅಂದೆ ಅವಳಿಗೆ. ಎಲ್ಲರ ಮುಂದೆ ಅಂದೆ." ಆಮೇಲೆ ತಲೆ ಎತ್ತದೆಯೇ, "ನಾನು ಸುಳ್ಳು ಹೇಳ್ಲಿಲ್ಲ ಕಣೋ. ನಂಗೆ ನಿಜವಾಗ್ಲೂ ಕೇಳಿಸ್ತಿತ್ತು" ಎಂದ.

"ಗೊತ್ತು."

"ಅವಳಿಗೆ ನಾನೇ ಹೇಳ್ತೀನಿ. ನೀನು ಹೋಗು. ಬಾಗಿಲು ಎಳ್ಕೊಂಡು ಹೋಗು."

ಹೇಳಿದರೆ ಹಗುರವಾಗುತ್ತದೆ ಎಂದುಕೊಂಡಿದ್ದ ಗುಂಯ್. ರಸ್ತೆಗೆ ಬಂದ ಮೇಲೆ ತಿಳಿಯಿತು, ಹೊರೆ ಇಳಿದಿರಲಿಲ್ಲ, ಅದರಲ್ಲಿ ಅರ್ಧವನ್ನು ಬೆರಳು ಬಾತ ಒಬ್ಬ ಮನುಷ್ಯನ ತೊಡೆಯ ಮೇಲಿಟ್ಟು ಬಂದಿದ್ದ. ಎಡಚ ಆಮೇಲೆ ಆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಎದುರು ಸಿಕ್ಕರೆ ಆರೋಗ್ಯ ವಿಚಾರಿಸುತ್ತಿದ್ದ, ಬಸ್ಸು ಬಂತು ಎಂದು ಹೊರಡುತ್ತಿದ್ದ. ಗುಂಯ್ ಆಸ್ಪತ್ರೆಯಲ್ಲಿ ಮಲಗಿದ್ದಾಗ ಒಂದು ಸಲ ಬಂದು ಮಂಚದ ಕಾಲ ಕಡೆ ನಿಂತು, ಹೊದಿಕೆ ಸರಿಮಾಡಿ ಹೋದ. ಇಷ್ಟು ವರ್ಷದ ಗೆಳೆತನದಲ್ಲಿ ಅಷ್ಟೇ ಉಳಿದಿತ್ತು ಎನ್ನುವುದೋ, ಅಷ್ಟಾದರೂ ಉಳಿದಿತ್ತು ಎನ್ನುವುದೋ, ಇವತ್ತಿಗೂ ತಿಳಿಯುವುದಿಲ್ಲ.

ಆದರೆ ಅದು ಬಹಳ ಆಮೇಲಿನ ಮಾತು. ಎಡಚನಿಗೆ ಹೇಳಿ ಬಂದ ಮೇಲೆ ಗುಂಯ್ ಹುಡುಗಿಗಾಗಿ ಕಾದ. ಬಾಗಿಲಲ್ಲಿ ನೆರಳು ಬಿದ್ದಾಗಲೆಲ್ಲ ಬೆಸುಗೆ ಕಡ್ಡಿ ಕೆಳಗಿಡುತ್ತಿದ್ದ. ಒಂದು ದಿನ ಅವಳು ಬಂದಳು, ಚಿಕ್ಕಪ್ಪನ ಆಂಪನ್ನು ಚಕ್ರದ ಗಾಡಿಯಲ್ಲಿ ಎಳೆದುಕೊಂಡು. ಬೆನ್ನಿನ ತಗಡಿನಲ್ಲಿ ದುಂಡಗಿನ ತೂತು ಹಾಗೇ ಇತ್ತು. ಮುಂದಿನ ಜಾಗ ಅವಳದಾಗಿತ್ತು. ಶನಿವಾರ ಮೊದಲ ಕಾರ್ಯಕ್ರಮ.

"ಕೂತ್ಕೋ ಪುಟ್ಟಿ."

ಅವಳು ಕೂರಲಿಲ್ಲ. "ಚಿಕ್ಕಪ್ಪಂಗೆ ಗೊತ್ತಿರ್ಲಿಲ್ಲ," ಎಂದಳು. "ನಿಮ್ಗೆ ಗೊತ್ತಿತ್ತು."

"ಗೊತ್ತಿತ್ತಮ್ಮ."

"ಕಿವಿ ತೋರಿಸ್ಕೊಂಡು ಬಂದೆ ಅಂತ ಹೇಳ್ದಾಗ್ಲೂ?"

"ಆಗ್ಲೂ ಗೊತ್ತಿತ್ತು."

ಅವಳಿಗೆ ಇನ್ನೂ ಕೇಳುವುದಿತ್ತು ಎನ್ನಿಸುತ್ತದೆ, ಕೇಳಲಿಲ್ಲ. ಅವನಿಗೂ ಕ್ಷಮಿಸು ಎನ್ನುವುದಿತ್ತು. ಆ ಮಾತನ್ನು ಅವಳ ಕೈಗಿಟ್ಟು, ಪರವಾಗಿಲ್ಲ ಮಾಮ ಎಂದು ಹೇಳಿಸುವುದು ಮತ್ತೊಂದು ಸುಳ್ಳು ಹೇಳಿಸಿದಂತೆ ಅನ್ನಿಸಿ ಬಾಯಿ ಮುಚ್ಚಿಕೊಂಡ. ಅವಳು ಗಿಟಾರ್ ತೆಗೆದು, ಪೆಡಲ್ ಜೋಡಿಸಿ, ವೈರು ಸಿಕ್ಕಿಸಿದಳು.

"ಇದು ಚಿಕ್ಕಪ್ಪನ ಕೈಗೆ ಹೊಂದಿಸಿದ್ದು. ನನ್ನ ಕೈಗೆ ಹೊಂದಲ್ಲ, ಚೂಪಾಗಿ ಬರುತ್ತೆ. ನೀವು ತಿರುಗ್ಸಿ, ನಾನು ಹೇಳ್ತೀನಿ. ನೀವೇನೂ ಹೇಳ್ಬೇಡಿ."

ಆಂಪಿಗೆ ಬೆನ್ನು ಮಾಡಿ, ರಸ್ತೆಯ ಕಡೆ ಮುಖ ಮಾಡಿ ನಿಂತು ನುಡಿಸತೊಡಗಿದಳು. ಗುಂಯ್ ನೆಲದ ಮೇಲೆ ಮೊಣಕಾಲೂರಿದ. ಅವಳು ಟ್ರೆಬಲ್ ಎಂದರೆ ಟ್ರೆಬಲ್, ಸಾಕು ಎಂದರೆ ಸಾಕು. ಪೆಡಲಿನ ಗೇನನ್ನು ಚಿಕ್ಕಪ್ಪನಿಗಿಂತ ಹೆಚ್ಚು ಇಡಿಸಿದಳು, ಎಕೋವನ್ನು ಪೂರ್ತಿ ತೆಗೆಸಿದಳು. ಮಿಡ್ಲ್ ಹತ್ತಿರ ಬಂದು ನಿಂತರು. ಅವನು ಕೂದಲೆಳೆಯಷ್ಟು ಏರಿಸಿದ.

"ಮೂಗಿನಿಂದ ಬರ್ತಿದೆ. ವಾಪಸ್ ಬನ್ನಿ. ಅಷ್ಟಲ್ಲ. ಹ್ಞಾಂ, ಈಗ."

ಅವಳು ಅದೇ ಸಾಲನ್ನು ಇನ್ನೊಮ್ಮೆ ನುಡಿಸಿದಳು. ಬೆನ್ನು ತಿರುಗಿಸದೆಯೇ ಕೇಳಿದಳು, "ಗೊತ್ತಾಯ್ತಾ ಮಾಮ, ಮೊದ್ಲಿಗೂ ಈಗಿಗೂ ವ್ಯತ್ಯಾಸ?"

ಹೌದು ಎನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಇಷ್ಟು ವರ್ಷ ಗಿರಾಕಿಗಳಿಗೆ ಹೇಳಿ ಹೇಳಿ ಪಳಗಿದ ಮಾತು, ಹೇಳಿದ್ದರೆ ಅವಳಿಗೆ ಸಂತೋಷವೂ ಆಗುತ್ತಿತ್ತೇನೋ. ಅವನ ಬೆರಳು ನಾಬನ್ನು ತಿರುಗಿಸಿತ್ತು, ಅಷ್ಟು ಮಾತ್ರ ಅವನಿಗೆ ಖಂಡಿತ.

"ಇಲ್ಲಮ್ಮ," ಎಂದ ಗುಂಯ್. "ನಂಗೆ ಕೇಳ್ಲಿಲ್ಲ."

ಅವಳು ತಿರುಗಿ, ನೆಲದ ಮೇಲಿದ್ದ ಅವನನ್ನು ಒಮ್ಮೆ ನೋಡಿದಳು.

"ನಂಗೆ ಕೇಳಿಸ್ತು," ಎಂದಳು. "ಅಲ್ಲೇ ಬಿಡಿ."